ನೋ ಡ್ಯೂ ಮಾಡಿಸಿ ವಿದೇಶಕ್ಕೆ ಹೋದವಳು

ವಿದೇಶ ಸೆಮಿಸ್ಟರಿಗೆ ಆಯ್ಕೆಯಾದ ಮಕ್ಕಳ ಅಪ್ಪ-ಅಮ್ಮಂದಿರಿಗೆಂದು ನಮ್ಮ ವಿಶ್ವವಿದ್ಯಾಲಯದಲ್ಲಿ ಒಂದು ಸಭೆ ನಡೆಯುತ್ತದೆ. ತಣ್ಣಗಿನ ಸಭಾಂಗಣ, ಗೋಡಂಬಿ ಬಿಸ್ಕತ್ತು, ಕಾಫಿ. ಫೀ ವಿಷಯಕ್ಕೆ ಬರುವ ಮೊದಲು ಹಣಕಾಸು ಅಧಿಕಾರಿಗಳು ಒಂದು ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಾರೆ.

"ಭದ್ರಾವತಿ ಕಡೆಯ ಒಬ್ರು ತಂದೆ. ಮಗಳು ಒಂದು ಸೆಮಿಸ್ಟರ್ ಹೊರಗೆ ಹೋಗ್ತಾಳೆ ಅಂತ ಪುಣ್ಯಾತ್ಮರು ಏನು ಮಾಡಿದ್ರು ಗೊತ್ತಾ? ಲೈಬ್ರರಿ, ಲ್ಯಾಬು, ಹಾಸ್ಟೆಲ್ಲು, ಎಲ್ಲ ಕಡೆ ಸುತ್ತಿ ನೋ ಡ್ಯೂ ಮಾಡಿಸಿಬಿಟ್ರು. ಕಾಲೇಜು ಬಿಟ್ಟು ಹೋಗೋರು ಮಾಡಿಸೋದಲ್ವಾ ಅದು? ಹುಡುಗಿ ಅಲ್ಲಿ ವಿಮಾನ ಇಳಿಯೋದ್ರೊಳಗೆ ಇಲ್ಲಿ ನಮ್ಮ ಪಟ್ಟೀಲಿ ಅವಳೇ ಇಲ್ಲ. ದಯವಿಟ್ಟು ಯಾರೂ ಅಷ್ಟೊಂದು ಪ್ರಾಮಾಣಿಕರಾಗಬೇಡಿ."

ಸಭೆ ನಗುತ್ತದೆ. ನಾನು ಮುಂದಿನ ಸ್ಲೈಡ್ ಒತ್ತುತ್ತೇನೆ. ಅದು ನನ್ನ ಕೆಲಸ.

ಈ ಕಥೆಯಲ್ಲಿ ಸುಳ್ಳು ಎಂಬುದು ಒಂದೂ ಇಲ್ಲ. ಕಾಲೇಜಿನ ದಿನಗಳಲ್ಲಿ ಊರೂರು ಸುತ್ತಿ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು ನಾನು. ಎದುರಾಳಿಯ ಸುಳ್ಳಿಗಿಂತ ಅವನು ನಿಜವನ್ನು ಎಲ್ಲಿ ಕತ್ತರಿಸಿದ ಎಂಬುದನ್ನು ನೋಡಬೇಕೆಂದು ಅಲ್ಲಿ ಕಲಿಸಿದ್ದರು. ಹಣಕಾಸು ಅಧಿಕಾರಿಗಳು ಹುಡುಗಿ ವಿಮಾನ ಇಳಿಯುವಲ್ಲಿಗೆ ಕತ್ತರಿಸುತ್ತಾರೆ. ನಾನು ಅದಕ್ಕೂ ಸ್ವಲ್ಪ ಹಿಂದಿನಿಂದ ಶುರುಮಾಡಿ, ಅವರು ನಿಲ್ಲಿಸಿದ ಕಡೆಯಿಂದ ಮುಂದಕ್ಕೂ ಹೋಗುತ್ತೇನೆ.

ನಾನು ಇರುವುದು ಅಂತರರಾಷ್ಟ್ರೀಯ ವಿಭಾಗದಲ್ಲಿ. ಹೆಸರು ದೊಡ್ಡದು. ಎರಡು ಮೇಜು, ಒಂದು ಗ್ಲೋಬು, ಒಂದು ಪ್ರಿಂಟರು. ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ವಿನಿಮಯ ಒಪ್ಪಂದಗಳಿವೆ. ವಿನಿಮಯ ಅಂದರೆ ಏನೆಂದು ಹೆತ್ತವರಿಗೆ ವಿವರಿಸಿ ವಿವರಿಸಿ ನನಗೆ ಬಾಯಿಪಾಠವಾಗಿದೆ. ನಿಮ್ಮ ಮಗಳು ಅಲ್ಲಿ ಓದುವಾಗ ಪಾಠದ ಶುಲ್ಕವನ್ನು ಇಲ್ಲಿ ಕಟ್ಟುತ್ತೀರಿ, ಅಲ್ಲಿಯವರು ಅವಳಿಂದ ಏನೂ ಕೇಳುವುದಿಲ್ಲ. ಅಲ್ಲಿಯ ಮಕ್ಕಳು ಇಲ್ಲಿಗೆ ಬಂದಾಗ ನಾವು ಕೇಳುವುದಿಲ್ಲ. ಕಾಗದದಲ್ಲಿ ತಕ್ಕಡಿ ಸರಿಯಾಗಿ ನಿಲ್ಲುತ್ತದೆ. ಆ ವರ್ಷ ಅಲ್ಲಿಂದ ಬಂದವರು ಕೆಲವು ವಾರ ಇದ್ದರು; ಸಕ್ರೆಬೈಲಿನ ಬಿಡಾರದಲ್ಲಿ ಆನೆಯ ಬೆನ್ನಿಗೆ ನೀರೆರಚಿ ವಿಡಿಯೋ ಮಾಡಿಕೊಂಡು, ಹೊಟ್ಟೆ ಕೆಡಿಸಿಕೊಂಡು, ವಾಪಸ್ ಹೋದರು. ಅವರ ಶುಲ್ಕ ಮಾಫಿ. ಅದಕ್ಕೆ ಬದಲಾಗಿ ನಮ್ಮ ಹುಡುಗಿಗೆ ಅಲ್ಲಿ ಶುಲ್ಕ ಮಾಫಿ. ಇಲ್ಲಿ ಮಾತ್ರ ಅವಳು ಇಲ್ಲದ ಸೆಮಿಸ್ಟರಿಗೂ ಪೂರ್ತಿ ಬೋಧನಾ ಶುಲ್ಕ, ಅವಳು ಮುಟ್ಟದ ಲ್ಯಾಬಿನ ಶುಲ್ಕ, ಅವಳು ಕಾಲಿಡದ ಮೈದಾನದ ಶುಲ್ಕ. ಮೇಲೆ ಜಾಗತಿಕ ಕಾರ್ಯಕ್ರಮ ಶುಲ್ಕ ಎಂದೊಂದು. ಅದು ಯಾವುದಕ್ಕೆ ಎಂದು ಕೇಳಿದರೆ ಗ್ಲೋಬು ತೋರಿಸುವುದಷ್ಟೇ ನನ್ನಿಂದ ಸಾಧ್ಯ. ಕೊನೆಗೆ ಹಾಸ್ಟೆಲ್ ಸೀಟ್ ಕಾಯ್ದಿರಿಸುವ ಶುಲ್ಕ. ಹಾಸಿಗೆ ಆರು ತಿಂಗಳು ಖಾಲಿ ಮಲಗಿರುತ್ತದೆ, ಅದಕ್ಕೂ ಬಾಡಿಗೆ.

ಈ ಕೊನೆಯ ಸಾಲಿನ ಮೇಲೆ ಬೆರಳಿಟ್ಟವರು ಹುಡುಗಿಯ ತಂದೆ. ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮನೆಮಾತು ತೆಲುಗು, ಕನ್ನಡ ಕಾರ್ಖಾನೆ ಕಾಲೋನಿಯದ್ದು. ಮಗಳು ಅವರನ್ನು ಕರೆಯುವುದು 'ನೈನಾ' ಎಂದು. ಅವಳು ಓದುತ್ತಿದ್ದದ್ದು ಲೋಹಶಾಸ್ತ್ರ, ಮೂರನೇ ವರ್ಷ.

"ಅಮ್ಮಾ, ಈ ಹಾಸ್ಟೆಲ್ಲು ಯಾಕೆ? ಹುಡುಗಿ ಇಲ್ಲಿರಲ್ವಲ್ಲ."

"ಸೀಟು ಉಳಿಸಿಕೊಳ್ಳೋಕೆ ಅಂಕಲ್."

"ಉಳೀಬೇಕಾಗಿಲ್ಲ. ವಾಪಸ್ ಬಂದ್ಮೇಲೆ ಬಸ್ಸಲ್ಲಿ ಓಡಾಡ್ತಾಳೆ. ಖಾಲಿ ಮಾಡಿಕೊಡ್ತೀನಿ. ಬೇರೆಯವರ ಮಗೂಗೆ ಆಗುತ್ತೆ."

"ಆಗಬಹುದು. ವಾರ್ಡನ್ ಹತ್ರ ಕೇಳಿ," ಎಂದೆ.

ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಬದುಕಿದವರಿಗೆ ಖಾಲಿ ಮಾಡುವುದು ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಶಿವಮೊಗ್ಗದ ನಮ್ಮ ದುರ್ಗಿಗುಡಿಯಲ್ಲಿ ಮನೆ ಖಾಲಿ ಮಾಡುವುದೆಂದರೆ ಗ್ಯಾಸ್ ಸಿಲಿಂಡರು ಆಟೋದಲ್ಲಿ ಹಾಕಿಕೊಂಡು, ಮಾಲೀಕರ ಜೊತೆ ಸುಣ್ಣಬಣ್ಣದ ಬಗ್ಗೆ ಜಗಳ ಆಡಿ ಹೊರಡುವುದು. ಅಲ್ಲಿ ಹಾಗಲ್ಲವಂತೆ. ಎಸ್ಟೇಟ್ ಆಫೀಸಿನವನು ಬಂದು ಬಲ್ಬು, ನಲ್ಲಿ, ಕಿಟಕಿ ಚಿಲಕ ನೋಡಿ ಬೀಗದ ಕೈ ತೆಗೆದುಕೊಳ್ಳಬೇಕು. ಆಮೇಲೆ ಸ್ಟೋರು, ಕ್ಯಾಂಟೀನು, ಸೊಸೈಟಿ, ಆಸ್ಪತ್ರೆ, ಎಲ್ಲ ಕಡೆ 'ಈತನಿಂದ ಬರಬೇಕಾದ್ದು ಏನೂ ಇಲ್ಲ' ಎಂದು ಸಹಿಯಾಗಬೇಕು. ಇವರ ಪಕ್ಕದ ಮನೆಯವನೊಬ್ಬ ಬೀಗದ ಕೈ ಜೇಬಲ್ಲಿಟ್ಟುಕೊಂಡು ಮಗನ ಊರಿಗೆ ಹೋಗಿಬಿಟ್ಟಿದ್ದನಂತೆ. ದಂಡದ ಬಾಡಿಗೆ ಏರಿ ಏರಿ ಅವನ ಗ್ರಾಚ್ಯುಟಿಯನ್ನು ತಿಂದುಹಾಕಿತು. ಒಂದು ಜಾಗ ಬಿಡುವಾಗ ಎಲ್ಲ ಮೇಜಿಗೂ ಹೋಗಿ ಮುಖ ತೋರಿಸಿ ಸಹಿ ಹಾಕಿಸಿಕೊಂಡು ಬರುವುದು ಆ ಕಾಲೋನಿಯಲ್ಲಿ ಮರ್ಯಾದೆ. ಹಾಗೆ ಮಾಡದವನು ಓಡಿಹೋದವನು.

ವಾರ್ಡನ್ ಈ ತಂದೆಗೆ ಒಂದು ಫಾರಂ ಕೊಟ್ಟರು. ಹಾಸ್ಟೆಲ್ ಬಿಡಲಿಕ್ಕೇ ಬೇರೆ ಫಾರಂ ನಮ್ಮಲ್ಲಿಲ್ಲ. ಇರುವುದು ಒಂದೇ, ಓದು ಮುಗಿಸಿಯೋ ಬಿಟ್ಟೋ ಹೋಗುವವರದ್ದು. 'ಎಲ್ಲಾ ಕಡೆ ಸಹಿ ಹಾಕಿಸಿದ್ರೆ ಮಾತ್ರ ನಾನು ತಗೊಳ್ಳೋದು' ಎಂದರಂತೆ ವಾರ್ಡನ್. ಬೇರೆ ಯಾರಾದರೂ ಆಗಿದ್ದರೆ ಬೈದುಕೊಂಡು ಬಾಡಿಗೆ ಕಟ್ಟುತ್ತಿದ್ದರು. ಇವರಿಗೆ ಖುಷಿಯಾಯಿತು. ಕೊನೆಗೂ ವಿಶ್ವವಿದ್ಯಾಲಯ ಇವರಿಗೆ ಗೊತ್ತಿರುವ ಭಾಷೆಯಲ್ಲಿ ಮಾತಾಡಿತ್ತು.

ಗ್ರಂಥಾಲಯದಲ್ಲಿ ಮಗಳು ಕಳೆದಿದ್ದ ಕಾರ್ಡಿಗೆ ದಂಡ ಕಟ್ಟಿದರು. ಲ್ಯಾಬಿನಲ್ಲಿ ಅವಳ ಹೆಸರಿನಲ್ಲಿದ್ದ ಕೈಗವಸು, ಕನ್ನಡಕ ಒಪ್ಪಿಸಿದರು. ಕ್ರೀಡಾ ವಿಭಾಗದವನು 'ನಿಮ್ಮ ಮಗಳು ಇಲ್ಲಿಗೆ ಬಂದೇ ಇಲ್ಲ, ಸಹಿ ಯಾಕೆ' ಎಂದರೆ, 'ಬಂದಿಲ್ಲ ಅಂತಾನೇ ಸಹಿ ಹಾಕಪ್ಪ' ಎಂದು ಹಾಕಿಸಿಕೊಂಡರು. ಒಬ್ಬರೂ, 'ಹುಡುಗಿ ಓದು ಬಿಡ್ತಿದ್ದಾಳಾ?' ಎಂದು ಕೇಳಲಿಲ್ಲ. ಕೊನೆಯ ಮೇಜು ಲೆಕ್ಕಪತ್ರ ವಿಭಾಗ. ಅಲ್ಲಿ ಸೇರುವಾಗ ಕಟ್ಟಿದ್ದ ಠೇವಣಿಯನ್ನು ಅವರ ಖಾತೆಗೆ ವಾಪಸ್ ಹಾಕಿದರು.

ಅದಾದ ಮೇಲೆ ಅವರು ನನ್ನ ಮೇಜಿಗೆ ಒಂದು ಡಬ್ಬಿ ಪೇಡ ತಂದಿಟ್ಟರು. "ಎಲ್ಲಾ ಕ್ಲಿಯರ್ ಅಮ್ಮಾ. ನಮ್ಮ ಕಡೆಯಿಂದ ಒಂದು ಪೈಸೆ ಬಾಕಿ ಇಲ್ಲ." ಹಾಸ್ಟೆಲಿನ ಮಾತೆಂದುಕೊಂಡು ನಾನು ಪೇಡ ತಿಂದೆ. ಚೆನ್ನಾಗಿತ್ತು.

ಹೊರಡುವ ದಿನ ಅವಳನ್ನು ಊರ ಹೊರಗಿನ ಸೋಗಾನೆಯಿಂದಲೇ ವಿಮಾನ ಹತ್ತಿಸಬೇಕೆಂದು ನಮ್ಮ ಪ್ರಚಾರ ವಿಭಾಗದ ಆಜ್ಞೆಯಾಗಿತ್ತು. ಹೊಸ ವಿಮಾನ ನಿಲ್ದಾಣ, ಹೊಸ ಸೂಟ್‌ಕೇಸು, ಬೆಳಗಿನ ಬಿಸಿಲು. ಛಾಯಾಗ್ರಾಹಕ ಅವಳನ್ನು ಹಿಂದೆ ಮುಂದೆ ನಡೆಸಿದ. ಅಪ್ಪ ಚೌಕಟ್ಟಿನಿಂದ ಆಚೆ ನಿಂತಿದ್ದರು. 'ಅಂಕಲ್, ನಿಮ್ಮ ನೆರಳು ಬೀಳ್ತಿದೆ' ಎಂದಾಗ ಇನ್ನೂ ಆಚೆ ಸರಿದರು. ಅವಳ ಕೈಚೀಲದಲ್ಲಿ ಒಂದು ಮುರಿದ ಸ್ಪ್ಯಾನರಿನ ತುಂಡಿತ್ತು, ಹೆಬ್ಬೆರಳಿನಷ್ಟು. ಅಪ್ಪ ನಿವೃತ್ತಿಯ ದಿನ ಗೇಟ್ ಪಾಸ್ ಮಾಡಿಸಿ ಮನೆಗೆ ತಂದದ್ದು. ಅಲ್ಲಿಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದು ಯಾಕೆ ಮುರಿಯಿತೆಂದು ನೋಡುವುದು ಅವಳ ಪ್ರಾಜೆಕ್ಟು. ವಿಮಾನ ಸಿಬ್ಬಂದಿ ಅದನ್ನು ಕೈಚೀಲದಿಂದ ತೆಗೆಸಿ ದೊಡ್ಡ ಪೆಟ್ಟಿಗೆಗೆ ಹಾಕಿಸಿದರು.

"ಒಂದು ತುಂಡು ಕಬ್ಬಿಣಕ್ಕೆ ಇಷ್ಟು ಕಷ್ಟ," ಎಂದೆ ನಾನು.

"ಮ್ಯಾಮ್, ಇದು ಭದ್ರಾವತಿಯಿಂದ ಗೇಟ್ ಪಾಸ್ ಸಮೇತ ಹೊರಗೆ ಬಂದ ಒಂದೇ ಒಂದು ಐಟಂ. ನನಗಿಂತ ಇದರ ದಾಖಲೆ ಚೆನ್ನಾಗಿದೆ," ಎಂದು ನಕ್ಕಳು.

ಅವಳು ಹೋಗಿ ಪಾಠಗಳು ಶುರುವಾದ ಮೇಲೆ ಅಲ್ಲಿಯ ಸಂಯೋಜಕಿಯಿಂದ ಇಮೇಲ್ ಬಂತು. ಪ್ರತಿ ಅವಧಿಯ ಆರಂಭದಲ್ಲಿ ಅವರು ವಿನಿಮಯದ ಮಕ್ಕಳ ಹೆಸರು ಕಳಿಸಿ, ಇವರೆಲ್ಲ ಈಗಲೂ ನಿಮ್ಮ ವಿದ್ಯಾರ್ಥಿಗಳೇ ಎಂದು ಕೇಳುತ್ತಾರೆ. ನಮ್ಮ ಪ್ರವೇಶ ವಿಭಾಗ ತಂತ್ರಾಂಶದಿಂದ ಪಟ್ಟಿ ತೆಗೆದು, ಕುಲಸಚಿವರ ಮುದ್ರೆ ಒತ್ತಿ ಉತ್ತರ ಕಳಿಸುತ್ತದೆ. ಈ ಸಲದ ಉತ್ತರದಲ್ಲಿ ಅವಳ ಹೆಸರಿನ ಮುಂದೆ 'ನಿರ್ಗಮಿಸಿದ್ದಾರೆ' ಎಂದಿತ್ತು. ಆದ್ದರಿಂದ, ಎಂದು ಸಂಯೋಜಕಿ ಸಭ್ಯವಾಗಿ ಬರೆದಿದ್ದರು, ಇವರನ್ನು ವಿನಿಮಯ ವಿದ್ಯಾರ್ಥಿನಿ ಎಂದು ಪರಿಗಣಿಸಲಾಗದು, ಸ್ವಂತ ವೆಚ್ಚದ ಅತಿಥಿ ವಿದ್ಯಾರ್ಥಿನಿಯಾಗಿ ಮುಂದುವರಿಯಬಹುದು, ಬಿಲ್ ಲಗತ್ತಿಸಿದೆ, ನಿಗದಿತ ದಿನದೊಳಗೆ ಕಟ್ಟದಿದ್ದರೆ ನೋಂದಣಿ ರದ್ದು. ಬಿಲ್ಲನ್ನು ರೂಪಾಯಿಗೆ ತಿರುಗಿಸಿ ನೋಡಿದೆ. ಅವಳಪ್ಪ ಇಡೀ ಜೀವಮಾನ ನಟ್ಟು ಬಿಗಿದು ಪಡೆದ ಗ್ರಾಚ್ಯುಟಿ ಅದರ ಅರ್ಧಕ್ಕೂ ಬರುತ್ತಿರಲಿಲ್ಲ.

ಮೊದಲು ತಂತ್ರಾಂಶದವರಿಗೆ ಫೋನ್ ಮಾಡಿದೆ. ಒಂದು ಶಬ್ದ ಬದಲಿಸುವುದು ತಾನೇ ಅಂದುಕೊಂಡಿದ್ದೆ. ಠೇವಣಿ ವಾಪಸಾದ ಕೂಡಲೇ ವಿದ್ಯಾರ್ಥಿಯ ಖಾತೆ ಮುಚ್ಚಿಹೋಗುತ್ತದೆ, ಮುಚ್ಚಿದ್ದನ್ನು ತೆರೆಯಲು ಹಣಕಾಸು ವಿಭಾಗದ ಒಪ್ಪಿಗೆ ಬೇಕು ಎಂದರು.

ಹಣಕಾಸು ಅಧಿಕಾರಿಗಳ ಕೋಣೆಗೆ ಹೋದೆ. ಅವರು ಮೊಸರನ್ನ ತಿನ್ನುತ್ತಿದ್ದರು.

"ಬಾರಮ್ಮ ಡಿಬೇಟು. ಇವತ್ತು ಪರವೋ ವಿರೋಧವೋ?"

ವಿಷಯ ಹೇಳಿದೆ. ತಂದೆ ಠೇವಣಿಯನ್ನು ಇವತ್ತೇ ವಾಪಸ್ ಕಟ್ಟಲು ಸಿದ್ಧರಿದ್ದಾರೆ, ಖಾತೆ ತೆರೆದುಬಿಡಿ ಎಂದೆ.

"ಕಟ್ಟಿಸಿಕೊಳ್ಳೋದು ಯಾವ ಲೆಕ್ಕಕ್ಕೆ ಮಾರಾಯ್ತಿ? ಠೇವಣಿ ಕಟ್ಟೋದು ವಿದ್ಯಾರ್ಥಿ. ಅವಳು ವಿದ್ಯಾರ್ಥಿ ಅಲ್ಲ."

"ಠೇವಣಿ ಕಟ್ಟಿದ್ರೆ ವಿದ್ಯಾರ್ಥಿ ಆಗ್ತಾಳಲ್ಲ ಸರ್."

"ವಿದ್ಯಾರ್ಥಿ ಆದ್ಮೇಲೆ ಠೇವಣಿ ಕಟ್ಟಲಿ. ನಾನು ಬೇಡ ಅಂದ್ನಾ?" ಉಪ್ಪಿನಕಾಯಿ ನೆಕ್ಕಿ ನಕ್ಕರು. ಆ ನಗುವಿನಲ್ಲಿ ದುಷ್ಟತನವೇನೂ ಇರಲಿಲ್ಲ. ಹೊಟ್ಟೆ ತುಂಬಿದವರ ನಗು, ಅಷ್ಟೆ.

ಇಷ್ಟರಲ್ಲಿ ಹುಡುಗಿಯ ಅಪ್ಪನ ಫೋನಿಗೆ ಬೇರೆಯೇ ಮೆಸೇಜುಗಳು ಬರತೊಡಗಿದ್ದವು. ಈ ಸೆಮಿಸ್ಟರಿನ ಬೋಧನಾ ಶುಲ್ಕದ ಎರಡನೇ ಕಂತು ಬಾಕಿ ಇದೆ, ತಡವಾದರೆ ದಂಡ. ನಮ್ಮಲ್ಲಿ ಪ್ರವೇಶಕ್ಕೆ ಒಂದು ತಂತ್ರಾಂಶ, ಫೀ ವಸೂಲಿಗೆ ಇನ್ನೊಂದು. ಎರಡಕ್ಕೂ ಮಾತುಕತೆ ಇಲ್ಲ. ಮೊದಲನೆಯದರಲ್ಲಿ ಅವಳು ನಿರ್ಗಮಿಸಿದ್ದಾಳೆ. ಎರಡನೆಯದರಲ್ಲಿ ನಮ್ಮ ಕ್ಯಾಂಪಸ್ಸಿನಲ್ಲೇ ಓಡಾಡಿಕೊಂಡು ಫೀ ಬಾಕಿ ಉಳಿಸಿಕೊಂಡಿದ್ದಾಳೆ. ಅಪ್ಪ ಬಸ್ಸು ಹಿಡಿದು ಬಂದು ಫೋನನ್ನು ನನ್ನ ಮುಂದೆ ಹಿಡಿದರು.

"ಅಮ್ಮಾ, ಒಂದು ಕಡೆ ನೀವು ನಮ್ಮೋರಲ್ಲ ಅಂತೀರಿ. ಇನ್ನೊಂದು ಕಡೆ ದುಡ್ಡು ಕೊಡು ಅಂತೀರಿ. ನಮ್ಮ ಕಾಲೋನೀಲಿ ಇದಕ್ಕೆ ಒಂದು ಮಾತಿದೆ, ನಿಮ್ಮ ಮುಂದೆ ಹೇಳಲ್ಲ."

"ಹೇಳಿ ಅಂಕಲ್, ನನಗೂ ಬೇಕು."

ಅವರು ಫೋನನ್ನು ಜೇಬಿಗೆ ಹಾಕಿಕೊಂಡರು. ನನ್ನ ವಾದಕ್ಕೆ ಬೇಕಾದ್ದು ಆಗಲೇ ಸಿಕ್ಕಿತ್ತು.

ಕುಲಸಚಿವರು ಸಮಿತಿ ಕರೆದರು. ಅದರ ಹಿಂದಿನ ದಿನ ಅವರ ಆಪ್ತ ಸಹಾಯಕ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ, "ಮೇಡಂ, ದೊಡ್ಡದು ಮಾಡಬೇಡಿ. ತಂದೆ ಕೈಲಿ ತಪ್ಪಾಯ್ತು ಅಂತ ಒಂದು ಪತ್ರ ಬರೆಸಿ. ತಿಳಿಯದೆ ಮಾಡಿದೆ, ಕ್ಷಮಿಸಿ, ದಂಡ ಕಟ್ತೀನಿ ಅಂತ. ಸಾಹೇಬ್ರು ಮನಸ್ಸು ಮಾಡ್ತಾರೆ," ಎಂದರು.

ಇದನ್ನು ಅಪ್ಪನಿಗೆ ಹೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಬರೀತೀನಿ. ಪೇಪರ್ ಕೊಡಿ."

"ನೀವು ಏನು ತಪ್ಪು ಮಾಡಿದ್ದೀರಿ?"

"ಏನೂ ಇಲ್ಲ. ಆದರೂ ಬರೀತೀನಿ. ಫೋರ್‌ಮನ್ ಮುಂದೆ ಎಷ್ಟು ಸಲ ಬರೆದಿಲ್ಲ?"

"ಬರೆದರೆ ಅದೇ ದಾಖಲೆ ಆಗುತ್ತೆ ಅಂಕಲ್. ನಾಳೆ ಅವರು ಮನಸ್ಸು ಮಾಡದಿದ್ರೆ, ನೀವೇ ಒಪ್ಪಿಕೊಂಡಿದ್ದೀರಲ್ಲ ಅಂತಾರೆ. ನನ್ನ ಹತ್ರ ಇದಕ್ಕಿಂತ ಗಟ್ಟಿ ವಾದ ಇದೆ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ನೀವು ಓದಿದೋರು. ನಿಮಗೆ ಸರಿ ಕಂಡಂಗೆ ಮಾಡಿ. ಹುಡುಗಿ ಅಲ್ಲಿರಬೇಕು, ಅಷ್ಟೇ ನನಗೆ."

ಸಮಿತಿಯಲ್ಲಿ ಕುಲಸಚಿವರು, ಡೀನ್, ಹಣಕಾಸು ಅಧಿಕಾರಿ. ನಾನು ನಿಂತು ಮಾತಾಡಿದೆ. ಕೂತು ಮಾತಾಡಿದರೆ ನನಗೆ ಲಯ ಸಿಗುವುದಿಲ್ಲ.

"ಸರ್, ಒಂದೇ ಪ್ರಶ್ನೆ. ಈ ಹುಡುಗಿ ನಮ್ಮವಳೋ, ಅಲ್ಲವೋ? ನಮ್ಮವಳಾದರೆ, ಪಟ್ಟಿಯಲ್ಲಿ ತಪ್ಪಾಗಿದೆ ಅಂತ ಅಲ್ಲಿಗೊಂದು ಪತ್ರ ಬರೆಯೋಣ, ಆ ಬಿಲ್ಲು ಬಿದ್ದುಹೋಗುತ್ತೆ. ನಮ್ಮವಳಲ್ಲದಿದ್ದರೆ, ಈ ಸೆಮಿಸ್ಟರಿನ ಫೀ ಕಟ್ಟು ಅಂತ ಅವಳ ತಂದೆಗೆ ಮೆಸೇಜು ಕಳಿಸ್ತಾ ಇರೋದು ಯಾವ ಆಧಾರದ ಮೇಲೆ? ಫೀ ಕೇಳುವಾಗ ನಮ್ಮವಳು, ಹೆಸರು ಹೇಳುವಾಗ ಅಲ್ಲ. ಎರಡನ್ನೂ ಒಟ್ಟಿಗೆ ಹೇಳೋ ಹಕ್ಕು ನಮಗಿಲ್ಲ. ಒಂದನ್ನು ಆರಿಸಿಕೊಳ್ಳಲೇಬೇಕು."

ಡೀನ್ ತಲೆಯಾಡಿಸಿದರು. ಕುಲಸಚಿವರು ಹಣಕಾಸು ಅಧಿಕಾರಿಗಳ ಕಡೆ ನೋಡಿದರು. ಇಂಥ ಗಳಿಗೆ ನನಗೆ ಪರಿಚಯವಿತ್ತು. ತೀರ್ಪುಗಾರರು ಅಂಕ ಬರೆದುಕೊಳ್ಳುವ ಹೊತ್ತು.

ಹಣಕಾಸು ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿದರು. "ಮಗು ಸರಿಯಾಗಿ ಹೇಳ್ತು ಸರ್. ನಾವು ಎರಡೂ ಕಡೆ ಮಾತಾಡಬಾರದಿತ್ತು." ಅಲ್ಲೇ ಫೋನ್ ತೆಗೆದು ಫೀ ವಿಭಾಗಕ್ಕೆ ಹಚ್ಚಿದರು. "ಆ ಭದ್ರಾವತಿ ಹುಡುಗೀದು ಡಿಮ್ಯಾಂಡ್ ಕ್ಯಾನ್ಸಲ್ ಮಾಡಿ. ಹೌದು, ಪೂರ್ತಿ. ದಂಡಾನೂ ತೆಗೀರಿ. ಮೆಸೇಜು ಇವತ್ತಿಗೇ ನಿಲ್ಲಬೇಕು."

ಫೋನ್ ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು. "ಆಯ್ತಲ್ಲಮ್ಮ. ಆರಿಸಿಕೊಂಡ್ವಿ. ಅವಳು ನಮ್ಮವಳಲ್ಲ. ನಮಗೇನೂ ಕೊಡಬೇಕಾಗಿಲ್ಲ."

ಎರಡು ಬಾಗಿಲು ತೆರೆದಿಟ್ಟು, ಎದುರಾಳಿ ಯಾವುದರೊಳಗೆ ಹೋದರೂ ಸೋಲುತ್ತಾನೆ ಎಂದುಕೊಂಡಿದ್ದವಳು ನಾನು. ಚರ್ಚಾಸ್ಪರ್ಧೆಯಲ್ಲಿ ಹಾಗೇ ಆಗುತ್ತದೆ, ಯಾಕೆಂದರೆ ಅಲ್ಲಿ ಯಾವ ಬಾಗಿಲಿನ ಹಿಂದೆಯೂ ಮನುಷ್ಯರಿರುವುದಿಲ್ಲ.

"ಸರ್, ಹಾಗಲ್ಲ, ಅವಳು ಅಲ್ಲಿ..."

"ಅಲ್ಲಿಯದು ಅಲ್ಲಿಯವರಿಗೆ ಬಿಟ್ಟದ್ದು," ಎಂದರು ಕುಲಸಚಿವರು. ನಿರ್ಣಯ ಬರೆಸಿದರು: 'ವಿದ್ಯಾರ್ಥಿನಿಯ ಕುಟುಂಬದ ಪರಿಸ್ಥಿತಿಯನ್ನು ಸಹಾನುಭೂತಿಯಿಂದ ಪರಿಗಣಿಸಿ ಬಾಕಿಯನ್ನು ಪೂರ್ಣವಾಗಿ ಮನ್ನಾ ಮಾಡಲಾಗಿದೆ.' ಅದನ್ನು ಬರೆದುಕೊಂಡವಳೂ ನಾನೇ. ಸಭೆಯ ನಡಾವಳಿ ಬರೆಯುವುದು ಕಿರಿಯರ ಕೆಲಸ.

ಹೊರಗೆ ಬಂದಾಗ ಹಣಕಾಸು ಅಧಿಕಾರಿಗಳು ನನ್ನ ಜೊತೆಗೇ ನಡೆದರು. "ಬೇಜಾರು ಮಾಡ್ಕೋಬೇಡ. ಪಟ್ಟಿ ತಪ್ಪು ಅಂತ ಒಂದು ಪತ್ರ ಹೋದ್ರೆ, ನಿಮ್ಮ ಪಟ್ಟಿಗಳೆಲ್ಲಾ ತಪ್ಪಾ ಅಂತ ಅವರು ಕೇಳ್ತಾರೆ. ಒಪ್ಪಂದ ನವೀಕರಣಕ್ಕೆ ಕೂತಿದೆ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಕೊಡೋ ತಂಡ ಬೇರೆ ಬರೋದಿದೆ. ಅದರ ಮುಂದೆ ಒಂದು ಹುಡುಗಿ ಫೀ ಎಷ್ಟರದ್ದು? ನೀನು ಎರಡು ರೇಟು ಹೇಳಿದೆ, ನಾನು ಅಗ್ಗದ್ದು ತಗೊಂಡೆ."

"ಅವಳಪ್ಪ ಕ್ಷಮಾಪಣೆ ಬರೆದುಕೊಟ್ಟಿದ್ರೆ?"

"ಬರೆದುಕೊಟ್ಟಿದ್ರಾ?"

"ಇಲ್ಲ."

"ಮತ್ತೆ ಅದು ಯಾಕೆ ಈಗ?" ಎಂದು ಅವರು ಲಿಫ್ಟಿನೊಳಗೆ ಹೋದರು.

ನಮ್ಮ ಆಫೀಸಿನಲ್ಲಿ ಇದರ ಇನ್ನೊಂದು ಆವೃತ್ತಿಯೂ ಓಡಾಡುತ್ತಿದೆ, ನಾನಿಲ್ಲದಾಗ ಹೇಳುವುದು: ಸುಮ್ಮನೆ ಪತ್ರ ಬರೆಸಿದ್ದರೆ ಮುಗಿಯುತ್ತಿತ್ತು, ಈ ವಾದಗಿತ್ತಿ ಕೆಡಿಸಿದಳು ಎಂದು. ಇದನ್ನೂ ನಾನು ಒಪ್ಪುವುದಿಲ್ಲ. ಆಪ್ತ ಸಹಾಯಕನ ಮಾತು ಮೆಟ್ಟಿಲ ಬಳಿಯ ಮಾತು. ಸಾಹೇಬರು ಮನಸ್ಸು ಮಾಡುತ್ತಿದ್ದರು ಎಂಬುದಕ್ಕೆ ಆಧಾರ ಏನು? ಪತ್ರ ಬರೆಸಿಕೊಂಡು ಅದನ್ನೇ ತಂದೆಯ ಕೊರಳಿಗೆ ಕಟ್ಟುತ್ತಿರಲಿಲ್ಲ ಎಂಬುದಕ್ಕೆ ಖಾತರಿ ಏನು? ನನ್ನ ವಾದದಲ್ಲಿ ಈಗ ಹುಡುಕಿದರೂ ಒಂದು ಬಿರುಕು ಕಾಣುವುದಿಲ್ಲ. ವಾದ ಸರಿ ಇತ್ತು. ಹುಡುಗಿ ಹಾಳಾದಳು.

ಅವಳಿಗೆ ಫೋನ್ ಮಾಡಿದಾಗ ಹಿನ್ನೆಲೆಯಲ್ಲಿ ಪಾತ್ರೆಯ ಸದ್ದಿತ್ತು. ಹಾಸ್ಟೆಲ್ ಅಡುಗೆಮನೆಯಲ್ಲಿ ಅನ್ನಕ್ಕಿಟ್ಟಿದ್ದಳು.

"ಏನಾಯ್ತು ಮ್ಯಾಮ್?"

"ಇಲ್ಲಿಯ ಫೀ ಬಾಕಿ ಪೂರ್ತಿ ಮನ್ನಾ ಮಾಡಿದ್ರು."

"ಅಯ್ಯೋ, ನೈನಾಗೆ ಹೇಳಿದ್ರಾ? ಕುಣೀತಾರೆ." ಆಮೇಲೆ, "ಹಾಗಂದ್ರೆ ನಾನು ಇಲ್ಲಿರಬಹುದಾ?"

"ಇಲ್ಲ."

ಪಾತ್ರೆಯ ಸದ್ದು ನಿಂತಿತು. "ಅಲ್ಲಿ ನನ್ನದು ಬಾಕಿ ಇಲ್ಲ. ಇಲ್ಲಿ ಕಟ್ಟೋಕಾಗಲ್ಲ. ಸರಿ. ಮ್ಯಾಮ್, ಸೂಕ್ಷ್ಮದರ್ಶಕದ ಸರದಿ ಬರೋ ವಾರ ಸಿಕ್ಕಿದೆ. ಅಲ್ಲೀವರೆಗೆ ನನ್ನ ಕಾರ್ಡು ನಡೆಯುತ್ತಾ?"

"ಹೋಗಿ ನೋಡು," ಎಂದೆ.

ಹೋದಳು. ಕಾರ್ಡು ಬಾಗಿಲಿಗೆ ತಾಗಿಸಿದರೆ ಕೆಂಪು ದೀಪ ಬಂತಂತೆ. ನೋಂದಣಿ ರದ್ದಾದ ಮೇಲೆ ಅಲ್ಲಿರುವ ಅನುಮತಿಯೂ ರದ್ದು. ಸ್ಪ್ಯಾನರಿನ ತುಂಡನ್ನು ಮತ್ತೆ ಪೆಟ್ಟಿಗೆಯ ತಳಕ್ಕೆ ಹಾಕಿಕೊಂಡು ಬಂದಳು. ಬೆಂಗಳೂರಿನಿಂದ ರೈಲಿನ ಸ್ಲೀಪರ್ ಬೋಗಿಯಲ್ಲಿ. ಸೋಗಾನೆಗೆ ಬರುವ ವಿಮಾನದ ಟಿಕೆಟ್ಟಿಗೆ ಈ ಸಲ ಪ್ರಚಾರ ವಿಭಾಗ ಆಜ್ಞೆ ಹೊರಡಿಸಲಿಲ್ಲ.

ಮರುಪ್ರವೇಶದ ಬಗ್ಗೆ ನಾನೇ ಕೇಳಿದೆ. "ಬರಲಿ, ಬಾಗಿಲು ತೆರೆದೇ ಇದೆ," ಎಂದರು ಹಣಕಾಸು ಅಧಿಕಾರಿಗಳು. ಹೊಸಬರ ಹಾಗೆ ಪ್ರವೇಶ ಶುಲ್ಕ, ಹೊಸ ಠೇವಣಿ, ಕಿರಿಯರ ತರಗತಿ, ಮನ್ನಾ ಆದ ಸೆಮಿಸ್ಟರನ್ನು ಮೊದಲಿನಿಂದ ಓದಬೇಕಾದ್ದರಿಂದ ಅದರ ಪೂರ್ತಿ ಫೀ. ಅಲ್ಲಿಯ ವೀಸಾ, ವಿಮೆ, ವಿಮಾನಕ್ಕೆ ಗ್ರಾಚ್ಯುಟಿ ಆಗಲೇ ಕರಗಿತ್ತು. ಜಾಗತಿಕ ಕಾರ್ಯಕ್ರಮ ಶುಲ್ಕ ವಾಪಸ್ ಕೊಡುವಿರಾ ಎಂದೆ. ಕಾರ್ಯಕ್ರಮಕ್ಕೆ ಹೋಗಿ ಬಂದಿದ್ದಾಳಲ್ಲ ಎಂದರು.

ಆಮೇಲೆ ನನಗೊಂದು ಕೆಲಸ ಹೇಳಿದರು. ಮಾನ್ಯತೆಯ ತಂಡ ಬರುವ ಮೊದಲು ಕಡತ ಮುಗಿಯಬೇಕು. ಎರಡೂ ಕಡೆ ಯಾವ ಹಕ್ಕು-ಬಾಕಿಯೂ ಇಲ್ಲ ಎಂಬ ಪತ್ರಕ್ಕೆ ತಂದೆಯ ಸಹಿ ತರಬೇಕು. "ಅಂಚೆ ಬೇಡ, ನೀನೇ ಹೋಗಿಬಾ. ನಿನ್ನ ಮಾತು ಕೇಳ್ತಾರೆ."

ಭದ್ರಾವತಿಗೆ ಬಸ್ಸಿನಲ್ಲಿ ಹೋದೆ. ಹಳೇ ಪೇಟೆಯ ಒಂದು ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಅವಳು ಹೈಸ್ಕೂಲು ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. "ಬನ್ನಿ ಮ್ಯಾಮ್. ಫಾರಿನ್ ಚಾಕ್ಲೇಟು ಮುಗಿದುಹೋಯ್ತು, ಚಹಾ ಕುಡೀತೀರಾ?" ಮಕ್ಕಳು ನಕ್ಕರು. ಅವಳು ನಗಲಿಲ್ಲ. ಒಳಗೆ ಹೋದವಳು ಚಹಾವನ್ನು ತಮ್ಮನ ಕೈಯಲ್ಲಿ ಕಳಿಸಿದಳು. ಮೇಜಿನ ಮೇಲೆ ಮಕ್ಕಳ ಉತ್ತರಪತ್ರಿಕೆಗಳು ಫ್ಯಾನಿನ ಗಾಳಿಗೆ ಹಾರದಂತೆ ಸ್ಪ್ಯಾನರಿನ ತುಂಡು ಇಟ್ಟಿದ್ದಳು.

ಅಪ್ಪ ಕನ್ನಡಕ ಹಾಕಿಕೊಂಡು ಪತ್ರವನ್ನು ಪೂರ್ತಿ ಓದಿದರು. ತುಟಿ ಅಲ್ಲಾಡುತ್ತಿತ್ತು. ಮಗಳು ನಮ್ಮ ಸಂಸ್ಥೆಯ ವಿದ್ಯಾರ್ಥಿನಿಯಾಗಿರುವುದಿಲ್ಲ ಎಂಬ ಸಾಲಿನ ಕೆಳಗೆ ಬೆರಳು ಎಳೆದು ಇನ್ನೊಮ್ಮೆ ಓದಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಅದಕ್ಕೆ ನಾನು ತಯಾರಾಗಿಯೇ ಹೋಗಿದ್ದೆ. ಅವರು ಪತ್ರವನ್ನು ತೊಡೆಯ ಮೇಲೆ ಸಮಮಾಡಿ, ಎರಡೂ ಪ್ರತಿಗೆ ಸಹಿ ಹಾಕಿದರು. ಒಂದು ಪ್ರತಿ ನನಗೆ ಕೊಟ್ಟರು. ನಾನು ಚೀಲಕ್ಕೆ ಹಾಕಿಕೊಂಡೆ.

"ಸರಿಯಾಗಿ ಬರೆದಿದ್ದೀರಿ ಅಮ್ಮಾ. ಒಂದು ಐಟಂ ಬಿಟ್ಟುಹೋಗಿದೆ."

"ಯಾವುದು ಅಂಕಲ್?"

"ಸೋಗಾನೆ ತಿರುವಿನಲ್ಲಿ ನಿಮ್ಮ ಕಾಲೇಜಿನ ದೊಡ್ಡ ಬೋರ್ಡಿದೆಯಲ್ಲ." ಬರುವಾಗ ಬಸ್ಸಿನ ಕಿಟಕಿಯಿಂದ ನಾನೂ ನೋಡಿದ್ದೆ. ಸೂಟ್‌ಕೇಸು, ಬೆಳಗಿನ ಬಿಸಿಲು, ಅವಳ ನಗು, ಕೆಳಗೆ ದೊಡ್ಡ ಅಕ್ಷರದಲ್ಲಿ 'ನಮ್ಮ ವಿದ್ಯಾರ್ಥಿನಿ, ಜಗತ್ತೇ ತರಗತಿ'. "ಅದರಲ್ಲಿ ಹುಡುಗಿ ಇನ್ನೂ ನಿಂತಿದ್ದಾಳೆ. ಶಿವಮೊಗ್ಗಕ್ಕೆ ಹೋಗೋ ಬಸ್ಸಿನೋನು ಅಲ್ಲಿ ನಿಧಾನ ಮಾಡ್ತಾನೆ. ಅವಳು ಆ ಕಡೆ ಕೂರಲ್ಲ ಈಗ." ಕನ್ನಡಕ ಮಡಚಿ ಜೇಬಿಗೆ ಹಾಕಿದರು. "ಅವಳು ನಿಮ್ಮೋಳಲ್ಲ ಅಂತ ಬರೆದುಕೊಟ್ರಿ, ನಾನು ಸಹಿ ಹಾಕಿದೆ. ಬಾಕಿ ಯಾವುದೂ ಇರಬಾರದು. ಆ ಬೋರ್ಡಿಂದ ಅವಳನ್ನ ಬಿಡಿಸ್ಕೊಳ್ಳೋಕೆ ನಾನು ಯಾವ ಸೆಕ್ಷನ್ನಿಗೆ ಹೋಗಬೇಕು ಅಮ್ಮಾ, ಯಾರ ಸಹಿ ಹಾಕಿಸಬೇಕು?"